ಹಸು ಕೊಟ್ಟ ಮೇಲೆ ನಿದ್ದೆಯೂ ಹೋಯ್ತು

ಪ್ರಶ್ನೆ: ನನಗೆ 54 ವರ್ಷ. ಶಿರಸಿ ಹತ್ತಿರದ ಹಳ್ಳಿ. ಮನೆಯಲ್ಲಿ ಈಗ ನಾನು, ಯಜಮಾನರು ಇಬ್ಬರೇ. ಮಗ ಬೆಂಗಳೂರಿನಲ್ಲಿದ್ದಾನೆ. ಅತ್ತೆ ಮೂರು ವರ್ಷ ಹಾಸಿಗೆ ಹಿಡಿದಿದ್ದರು. ದಿನಾ ರಾತ್ರಿ 2 ಗಂಟೆಗೆ ಎದ್ದು ಅವರ ಮಗ್ಗುಲು ಬದಲಿಸಬೇಕಿತ್ತು. ಬೇರೆ ಏನಾದರೂ ಬೇಕಾದರೆ ಲೋಟಕ್ಕೆ ಚಮಚ ಬಡಿದು ಕರೆಯುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಅದಾಗಿ ಎರಡು ತಿಂಗಳಿಗೆ, ಕೈಲಾಗದೆ, ಹಸುವನ್ನೂ ಕೊಟ್ಟೆವು. ಈಗ ಯಾವ ತಾಪತ್ರಯವೂ ಇಲ್ಲ, ಆದರೆ ನಿದ್ದೆಯೂ ಇಲ್ಲ. ಊಟ ಮುಗಿಸಿ 9ಕ್ಕೆ ಮಲಗುತ್ತೇನೆ. 10ರ ಹೊತ್ತಿಗೆ ಕಣ್ಣು ಹತ್ತುತ್ತದೆ. 2ಕ್ಕೆ ಎಚ್ಚರ. ಆಮೇಲೆ ಗೋಡೆ ಗಡಿಯಾರ 3 ಬಡಿಯುವುದೂ ಕೇಳುತ್ತದೆ, 4 ಬಡಿಯುವುದೂ ಕೇಳುತ್ತದೆ. ನಾಲ್ಕೂವರೆಗೆ ಮತ್ತೆ ಜೊಂಪು. 6ಕ್ಕೆ ಎಚ್ಚರವಾದರೂ ಆರೂವರೆವರೆಗೆ ಬಿದ್ದುಕೊಂಡಿರುತ್ತೇನೆ. ಮಧ್ಯಾಹ್ನ ಒಂದೂವರೆ ತಾಸು ಮಲಗದಿದ್ದರೆ ತಲೆ ಭಾರ. ಪಕ್ಕದ ಮನೆಯವರು ತಮ್ಮ ನಿದ್ದೆ ಮಾತ್ರೆಯಲ್ಲಿ ಅರ್ಧ ಕೊಟ್ಟಿದ್ದರು. ಎರಡು ರಾತ್ರಿ ಚೆನ್ನಾಗಿ ನಿದ್ದೆ ಬಂತು. ಅದನ್ನೇ ಶುರು ಮಾಡಬಹುದಾ? ಬಿಪಿ ಮಾತ್ರೆ ತಗೊಳ್ಳುತ್ತೇನೆ. ಯಜಮಾನರ ಗೊರಕೆಯೂ ಜೋರು. ಮಧ್ಯೆ ಒಮ್ಮೊಮ್ಮೆ ಉಸಿರೇ ನಿಂತ ಹಾಗಾಗಿ ಹೆದರಿಕೆಯಾಗುತ್ತದೆ.

ಉತ್ತರ: ಅಕ್ಕಾ, ನಿಮ್ಮ ಪತ್ರದಲ್ಲಿ ನಾನು ಪೆನ್ಸಿಲಿನಿಂದ ಗೆರೆ ಎಳೆದದ್ದು ನೀವು ಸುಮ್ನೆ ಹೇಳಿ ಮುಂದೆ ಹೋದ ಮಾತಿಗೆ. 'ಹಸುವನ್ನೂ ಕೊಟ್ಟೆವು' ಅಂದಿದ್ದೀರಲ್ಲ, ಅದಕ್ಕೆ. ಅತ್ತೆಯವರ ಆರೈಕೆ ನಿಮ್ಮ ರಾತ್ರಿಯನ್ನು ನಡುವೆ ಕತ್ತರಿಸಿತು, ನಿಜ. ಆದರೂ ಆ ಮೂರು ವರ್ಷ ನೀವು ಹೇಗೋ ನಡೆಸಿದ್ದೀರಿ. 2ಕ್ಕೆ ಎದ್ದು ಅವರ ಮಗ್ಗುಲು ಬದಲಿಸಿ ಬಂದು ಮಲಗಿದರೆ ಮತ್ತೆ ನಿದ್ದೆ ಬರುತ್ತಿತ್ತು ಅಂತ ನನ್ನ ಊಹೆ. ಪೂರ್ತಿ ಕೆಟ್ಟಿದ್ದು ಕೊಟ್ಟಿಗೆ ಖಾಲಿಯಾದ ಮೇಲೆ.

ಹಸುವಿಗೆ ಭಾನುವಾರ ಗೊತ್ತಿಲ್ಲ. ರಾತ್ರಿ ನಿಮಗೆ ನಿದ್ದೆ ಬಂತೋ ಇಲ್ಲವೋ ಅಂತ ಅದು ಕೇಳುವುದಿಲ್ಲ. ಬೆಳಗಿನ ಜಾವ ಅಂಬಾ ಅಂದರೆ ಎದ್ದು ಹೋಗಲೇಬೇಕು. ಹುಲ್ಲು ಹಾಕಬೇಕು, ಸಗಣಿ ಬಾಚಬೇಕು, ಹಾಲು ಕರೆಯಬೇಕು, ಡೈರಿಗೆ ಕ್ಯಾನು ಹೋಗಬೇಕು. ಅಂದರೆ ವರ್ಷದ 365 ದಿನವೂ ನೀವು ಒಂದೇ ಹೊತ್ತಿಗೆ ಏಳುತ್ತಿದ್ದಿರಿ, ಎದ್ದ ಕೂಡಲೇ ಬಯಲಿಗೆ ಬರುತ್ತಿದ್ದಿರಿ. ನಿದ್ದೆಯ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ. ಹಸುವನ್ನು ಗೂಟಕ್ಕೆ ಕಟ್ಟಿದ್ದು ನೀವು ಅಂದುಕೊಂಡಿದ್ದಿರಿ. ಅದು ನಿಮ್ಮ ನಿದ್ದೆಯನ್ನೂ ಅದೇ ಗೂಟಕ್ಕೆ ಕಟ್ಟಿಟ್ಟಿತ್ತು.

ಈಗ ಲೆಕ್ಕ ಹಾಕೋಣ. ರಾತ್ರಿ 9ರಿಂದ ಬೆಳಿಗ್ಗೆ ಆರೂವರೆ ಅಂದರೆ ಹಾಸಿಗೆಯಲ್ಲಿ ಒಂಬತ್ತೂವರೆ ತಾಸು. ನಿದ್ದೆ ಬಂದದ್ದು 10ರಿಂದ 2, ಮತ್ತೆ ನಾಲ್ಕೂವರೆಯಿಂದ 6. ಒಟ್ಟು ಐದೂವರೆ ತಾಸು. ಮಧ್ಯಾಹ್ನದ ಒಂದೂವರೆ ಸೇರಿಸಿದರೆ ಏಳಾಯಿತು. ದೊಡ್ಡವರಿಗೆ ದಿನಕ್ಕೆ ಕನಿಷ್ಠ 7 ತಾಸು ನಿದ್ದೆ ಬೇಕು ಅನ್ನುತ್ತಾರೆ. ಲೆಕ್ಕದಲ್ಲಿ ನಿಮಗೆ ಅಷ್ಟು ಸಿಗುತ್ತಿದೆ! ಸಿಗುತ್ತಿರುವುದು ಚೂರುಚೂರಾಗಿ, ಅಷ್ಟೇ.

ತೆಳ್ಳೇವು, ಅಂದರೆ ತೆಳು ದೋಸೆ, ಎರೆಯುವಾಗ ನೋಡಿದ್ದೀರಲ್ಲ. ಒಂದು ಸೌಟು ಹಿಟ್ಟನ್ನು ಒಂದು ಅಳತೆಯ ಕಾವಲಿಗೆ ಎರೆದರೆ ಸರಿಯಾಗಿ ಬರುತ್ತದೆ. ಅದೇ ಒಂದು ಸೌಟನ್ನು ದೊಡ್ಡ ಕಾವಲಿಯ ಅಂಚಿನವರೆಗೂ ಎಳೆಯಲು ಹೋದರೆ ನಡುವೆ ದೊಡ್ಡ ತೂತು. ನಿಮ್ಮ 2ರಿಂದ ನಾಲ್ಕೂವರೆಯ ಎಚ್ಚರ ಆ ತೂತು. ಹಿಟ್ಟು ಕಡಿಮೆಯಾಗಿಲ್ಲ, ಕಾವಲಿ ದೊಡ್ಡದಾಗಿದೆ. ನಿದ್ದೆ ಬರದವರು ಎಲ್ಲರೂ ಮಾಡುವುದು ಇದನ್ನೇ. ನಿನ್ನೆ ನಿದ್ದೆ ಆಗಿಲ್ಲ, ಇವತ್ತು ಬೇಗ ಮಲಗೋಣ ಅನ್ನುತ್ತಾರೆ. ಬೆಳಿಗ್ಗೆ ಇನ್ನರ್ಧ ತಾಸು ಬಿದ್ದುಕೊಳ್ಳೋಣ ಅನ್ನುತ್ತಾರೆ. ಕಾವಲಿ ಇನ್ನೂ ದೊಡ್ಡದಾಗುತ್ತದೆ. ಕೇಳಲು ವಿಚಿತ್ರ ಅನ್ನಿಸಬಹುದು, ನಿಮಗೆ ನನ್ನ ಮೊದಲ ಸಲಹೆ ಇದು: ತಡವಾಗಿ ಮಲಗಿ.

ಯಾಕೆ ಅಂತ ಎರಡು ಮಾತು. ನಾವು ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ. ಅದು ಜಾಸ್ತಿಯಾದಷ್ಟೂ ನಿದ್ದೆಯ ಒತ್ತಡ ಜಾಸ್ತಿ. ನಿದ್ದೆ ಮಾಡಿದಾಗ ಅದು ಇಳಿಯುತ್ತದೆ. ನೀವು ಮಧ್ಯಾಹ್ನ 3ರವರೆಗೆ ಮಲಗಿ ಎದ್ದು ರಾತ್ರಿ 9ಕ್ಕೆ ಮತ್ತೆ ಹಾಸಿಗೆ ಸೇರಿದರೆ ನಡುವೆ ಆರೇ ತಾಸಿನ ದಣಿವು. ನಾಲ್ಕು ಗಂಟೆಗೆ ಅವಲಕ್ಕಿ ತಿಂದು ಏಳಕ್ಕೆ ಊಟಕ್ಕೆ ಕೂತ ಹಾಗೆ. ಆ ಸ್ವಲ್ಪ ಒತ್ತಡ ನಡುರಾತ್ರಿಯೊಳಗೆ ಖರ್ಚಾಗಿ ಹೋಗುತ್ತದೆ. ಗಾಢ ನಿದ್ದೆ ಹೇಗೂ ರಾತ್ರಿಯ ಮೊದಲ ಭಾಗದಲ್ಲೇ ಜಾಸ್ತಿ ಇರುವುದು, ಆಮೇಲಿನದು ತೆಳು. ಅದರ ಮೇಲೆ, ವಯಸ್ಸಾದಂತೆ ಗಾಢ ನಿದ್ದೆಯ ಪಾಲು ಕಡಿಮೆಯಾಗುತ್ತಾ ಬರುತ್ತದೆ. 2ಕ್ಕೆ ಎಚ್ಚರವಾಗುವುದರಲ್ಲಿ ಆಶ್ಚರ್ಯ ಏನೂ ಇಲ್ಲ.

ಒಂದು ಸಮಾಧಾನದ ಮಾತು. ನಿದ್ದೆ ಅನ್ನುವುದು ಸುಮಾರು 90 ನಿಮಿಷಕ್ಕೊಂದರಂತೆ ಸುತ್ತು ಹೊಡೆಯುತ್ತದೆ. ಸುತ್ತು ಮುಗಿದಾಗ ಎಲ್ಲರಿಗೂ ಕ್ಷಣ ಹೊತ್ತು ಎಚ್ಚರ ತಟ್ಟುತ್ತದೆ. ಮಗ್ಗುಲಾಗಿ ಮತ್ತೆ ಮಲಗುತ್ತೇವೆ, ಬೆಳಿಗ್ಗೆ ನೆನಪೂ ಇರುವುದಿಲ್ಲ. ನಿಮಗೆ ಎಚ್ಚರವಾದ ಕೂಡಲೇ ಕಿವಿ ನಿಮಿರುತ್ತದೆ. ಮೂರು ವರ್ಷ ಚಮಚದ ಸದ್ದಿಗೆ ಕಾದ ಕಿವಿ ಅದು. ಅತ್ತೆಯವರು ಹೋಗಿ ಇಷ್ಟು ದಿನವಾದರೂ ಮೈಗೆ ಆ ಸುದ್ದಿ ತಲುಪಿಲ್ಲ. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಸ್ಪೀಲ್ಮನ್ ಮತ್ತು ಜೊತೆಗಾರರು ಇದನ್ನು ಚೆನ್ನಾಗಿ ಬಿಡಿಸಿ ಹೇಳಿದರು. ನಿದ್ದೆಗೇಡು ಶುರುವಾಗಲು ಒಂದು ಕಾರಣ ಇರುತ್ತದೆ, ಮುಂದುವರಿಯಲು ಬೇರೆಯೇ ಕಾರಣ ಇರುತ್ತದೆ. ಮೊದಲಿನದು ಹೋದರೂ ಎರಡನೆಯದು ಉಳಿದುಕೊಳ್ಳುತ್ತದೆ. ಬೇಗ ಮಲಗುವುದು, ತಡವಾಗಿ ಏಳುವುದು, ಹಗಲು ಮಲಗುವುದು, ಹಾಸಿಗೆಯಲ್ಲಿ ಹೊರಳಾಡುತ್ತಾ ಗಡಿಯಾರ ಎಣಿಸುವುದು. ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನು ಕತ್ತರಿಸಿ ನಿದ್ದೆಯನ್ನು ಒಟ್ಟುಗೂಡಿಸುವ ದಾರಿಯನ್ನು ತೋರಿಸಿದವರೂ ಅವರೇ. ನಿಮಗೆ ಹೇಳುತ್ತಿರುವುದು ಅದನ್ನೇ.

ಹೀಗೆ ಮಾಡಿ. ಬೆಳಿಗ್ಗೆ ಏಳುವ ಹೊತ್ತು ಐದೂವರೆ. ಹಸು ಇದೆ ಅಂತಲೇ ತಿಳಿದುಕೊಳ್ಳಿ. ರಾತ್ರಿ ಎಷ್ಟೇ ಕೆಟ್ಟಿರಲಿ, ಮನೆಗೆ ನೆಂಟರು ಬಂದಿರಲಿ, ಏಕಾದಶಿ ಇರಲಿ, ಐದೂವರೆಗೆ ಹಾಸಿಗೆ ಮಡಿಸಿಡಬೇಕು. ಮಡಿಸಿಡಿ ಅಂದದ್ದು ನಿಜವಾಗಿಯೂ ಮಡಿಸಿಡಿ ಅಂತಲೇ. ಹರಡಿದ ಹಾಸಿಗೆ ಕಣ್ಣಿಗೆ ಬಿದ್ದರೆ ಹತ್ತು ನಿಮಿಷ ಒರಗೋಣ ಅನ್ನಿಸುತ್ತದೆ. ರಾತ್ರಿ ಮಲಗುವುದು ಹನ್ನೊಂದೂವರೆಗೆ. ಅದಕ್ಕೆ ಮೊದಲು ಬೇಡ. ಅಂದರೆ ಹಾಸಿಗೆಯಲ್ಲಿ 6 ತಾಸು. ಮೊದಲ ಎರಡು ವಾರ ಮಧ್ಯಾಹ್ನದ ನಿದ್ದೆ ಪೂರ್ತಿ ಬಂದ್.

ಮೊದಲ ವಾರ ನೀವು ನನ್ನನ್ನು ಬೈಯುತ್ತೀರಿ. ಸಂಜೆ 7ಕ್ಕೇ ಕಣ್ಣು ಎಳೆಯುತ್ತದೆ, ತಲೆ ಮಂಕಾಗುತ್ತದೆ. ಅದು ಒತ್ತಡ ಸೇರುತ್ತಿರುವ ಲಕ್ಷಣ. ಆ ದಿನಗಳಲ್ಲಿ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯಬೇಡಿ, ಸ್ಕೂಟರ್ ಓಡಿಸಬೇಡಿ. ಎರಡನೇ ವಾರದ ಹೊತ್ತಿಗೆ 2ರ ಎಚ್ಚರ ಚಿಕ್ಕದಾಗುತ್ತಾ ಬರಬೇಕು. ಹಾಸಿಗೆಯಲ್ಲಿರುವ 6 ತಾಸಿನಲ್ಲಿ ಐದು ತಾಸಿಗಿಂತ ಸ್ವಲ್ಪ ಜಾಸ್ತಿ, ಅಂದರೆ ನೂರಕ್ಕೆ 85ರಷ್ಟು ನಿದ್ದೆಯೇ ಆಗುತ್ತಿದೆ ಅಂತಾದರೆ, ಮಲಗುವ ಹೊತ್ತನ್ನು 15 ನಿಮಿಷ ಹಿಂದಕ್ಕೆ ತನ್ನಿ. ಹನ್ನೊಂದೂಕಾಲು. ಒಂದು ವಾರ ನೋಡಿ. ಮತ್ತೆ 15 ನಿಮಿಷ. ಹೀಗೆ ಮಾಡುತ್ತಾ ನೀವು ಹತ್ತು, ಹತ್ತೂವರೆಗೆ ಬಂದು ನಿಲ್ಲುತ್ತೀರಿ ಅಂತ ನನ್ನ ಅಂದಾಜು. ಆರು ತಾಸೇ ನಿಮ್ಮ ಗತಿ ಅಂತ ತಿಳಿಯಬೇಡಿ. ಮೊದಲು ತೂತು ಮುಚ್ಚಬೇಕು, ಆಮೇಲೆ ಕಾವಲಿ ದೊಡ್ಡದು ಮಾಡಿಕೊಳ್ಳೋಣ. ಐದೂವರೆ ತಾಸಿಗಿಂತ ಕೆಳಗೆ ಮಾತ್ರ ಯಾವತ್ತೂ ಇಳಿಸಬಾರದು. ಇದನ್ನು ಓದುವ ಬೇರೆಯವರಿಗೂ ಒಂದು ಮಾತು: ಫಿಟ್ಸ್ ಇರುವವರು, ಮನಸ್ಸು ಒಮ್ಮೆ ತೀರಾ ಉಕ್ಕಿ ಒಮ್ಮೆ ತೀರಾ ಕುಗ್ಗುವ ಕಾಯಿಲೆಯವರು, ಬಸ್ಸು ಲಾರಿ ಓಡಿಸುವವರು, ಅಡಿಕೆ ಮರ ಹತ್ತುವವರು ಈ ಪ್ರಯೋಗವನ್ನು ಡಾಕ್ಟರನ್ನು ಕೇಳದೆ ಮಾಡಬಾರದು.

ಹನ್ನೊಂದೂವರೆವರೆಗೆ ಏನು ಮಾಡುವುದು ಅಂತ ಕೇಳುತ್ತೀರಿ. ಹಿಂದೆ ಸುಗ್ಗಿಯಲ್ಲಿ ರಾತ್ರಿ ಹೊತ್ತಿನ ತನಕ ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂರುತ್ತಿದ್ದಿರಲ್ಲ, ಆಗ ಯಾರಿಗೂ ಈ ಪ್ರಶ್ನೆ ಬರಲಿಲ್ಲ. ಕೈಗೆ ಕೆಲಸ ಇರಬೇಕು, ತಲೆಗೆ ಇರಬಾರದು. ಹೂಬತ್ತಿ ಹೊಸೆಯುವುದು ನನಗೆ ಗೊತ್ತಿರುವ ಎಲ್ಲ ಔಷಧಿಗಿಂತ ಚೆನ್ನ. ಹತ್ತಿ ಎಳೆದು, ಬೀಜದ ಸಿಪ್ಪೆ ಆರಿಸಿ, ಬೆರಳಿಗೆ ಚೂರು ಹಾಲೋ ನೀರೋ ಮುಟ್ಟಿಸಿಕೊಂಡು ತುದಿ ತಿರುವುತ್ತಾ ಕೂತರೆ ಲಕ್ಷ ಬತ್ತಿಯೂ ಆದೀತು, ಕಣ್ಣೂ ತೂಗೀತು. ಟಿವಿ ಧಾರಾವಾಹಿ ಬೇಡ ಅನ್ನುವುದಿಲ್ಲ. ಆದರೆ ಹತ್ತು ಗಂಟೆಗೆ ಮುಗಿಸಿ. ಮೊಬೈಲ್ ಬಗ್ಗೆ ಎಲ್ಲರೂ ನೀಲಿ ಬೆಳಕು, ನೀಲಿ ಬೆಳಕು ಅನ್ನುತ್ತಾರೆ. ನನಗೆ ಬೆಳಕಿಗಿಂತ ಅದರೊಳಗಿನ ಜಗಳ ನಿದ್ದೆ ಕೆಡಿಸುತ್ತದೆ ಅನ್ನಿಸಿದೆ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಆಸ್ತಿ ಪಾಲಿನ ಮಾತು ಓದಿ ಮಲಗಿದವರಿಗೆ ಯಾವ ಬಣ್ಣದ ಬೆಳಕಾದರೇನು?

ಇನ್ನು 2 ಗಂಟೆಯ ವಿಷಯ. ಎಚ್ಚರವಾಯಿತು, ಹೊರಳಾಡಿದಿರಿ, ಹದಿನೈದಿಪ್ಪತ್ತು ನಿಮಿಷ ಆಯಿತು ಅನ್ನಿಸುತ್ತದೆ, ನಿದ್ದೆಯ ಸುಳಿವಿಲ್ಲ. ಎದ್ದುಬಿಡಿ. ಹಾಸಿಗೆ ಬಿಟ್ಟು ಜಗಲಿಗೆ ಬನ್ನಿ. ಚಳಿಗಾಲವಾದರೆ ಕಂಬಳಿ ಹೊದ್ದುಕೊಳ್ಳಿ. ಸಣ್ಣ ದೀಪ ಸಾಕು, ಟ್ಯೂಬ್‌ಲೈಟ್ ಬೇಡ. ಸಂಜೆ ಬಿಟ್ಟ ಹತ್ತಿಯ ಬುಟ್ಟಿ ಅಲ್ಲೇ ಇರಲಿ. ರೆಪ್ಪೆ ಜಗ್ಗತೊಡಗಿದಾಗ ಮಾತ್ರ ಒಳಗೆ ಹೋಗಿ ಮಲಗಿ. ಮತ್ತೆ ನಿದ್ದೆ ಬರಲಿಲ್ಲವೋ, ಮತ್ತೆ ಎದ್ದು ಬನ್ನಿ. ಮೊದಲ ರಾತ್ರಿ ಮೂರು ಸಲ ಓಡಾಡಬೇಕಾಗಬಹುದು. ರಿಚರ್ಡ್ ಬೂಟ್ಸಿನ್ ಅನ್ನುವವರು 1972ರಲ್ಲೇ ಈ ಉಪಾಯ ಬರೆದಿಟ್ಟರು. ಇವತ್ತಿಗೂ ಇದು ಹಳತಾಗಿಲ್ಲ. ಹಾಸಿಗೆ ಕಂಡರೆ ಮೈಗೆ ನಿದ್ದೆಯ ನೆನಪಾಗಬೇಕು. ನಿಮಗೆ ಈಗ ಹಾಸಿಗೆ ಕಂಡರೆ ಹೊರಳಾಟದ ನೆನಪಾಗುತ್ತದೆ. ಟಿವಿ ಮುಂದೆ ಕೂತಲ್ಲೇ ತೂಕಡಿಸಿ, ಹಾಸಿಗೆಗೆ ಹೋದ ಕೂಡಲೇ ಕಣ್ಣು ಬಿಚ್ಚಿಕೊಳ್ಳುವ ಅನುಭವ ನಿಮಗೂ ಇರಬೇಕಲ್ವಾ?

ಆ ಗೋಡೆ ಗಡಿಯಾರದ ಗಂಟೆಯನ್ನು ಇವತ್ತೇ ನಿಲ್ಲಿಸಿ. ಸದ್ದು ಮಾತ್ರ ನಿಲ್ಲಿಸಲು ಆಗದಿದ್ದರೆ ಸೆಲ್ ತೆಗೆದಿಡಿ. ಹಳೇ ಕೀಲಿ ಗಡಿಯಾರವಾದರೆ ಕೀಲಿ ಕೊಡಬೇಡಿ. ಮೂರು ಬಡಿದಾಗ ನೀವು ಮಾಡುವ ಲೆಕ್ಕ ನನಗೆ ಗೊತ್ತು: 'ಇನ್ನು ಎರಡೂವರೆ ತಾಸು ಇದೆ, ಈಗ ಬಂದರೂ ಸಾಕು, ಬರದಿದ್ದರೆ ನಾಳೆ ಗತಿ ಏನು.' ಈ ಲೆಕ್ಕ ಶುರುವಾದರೆ ಎದೆ ಬಡಿತ ಏರುತ್ತದೆ. ಬೆಳಿಗ್ಗೆ ಏಳಲು ಮೊಬೈಲಿನಲ್ಲಿ ಅಲಾರಾಂ ಇಟ್ಟು, ಆ ಮೊಬೈಲನ್ನು ಅಡುಗೆಮನೆಯಲ್ಲಿಡಿ.

ಒಂದು ರಾತ್ರಿ ನಿದ್ದೆ ಹೋದರೆ ಹೋಯ್ತು, ಅಕ್ಕಾ. ನಾನು ಶಾಲೆಗೆ ಹೋಗುವಾಗ ಹೊನ್ನಾವರದ ಕಡೆ ಬೆಳಗಿನ ತನಕ ಯಕ್ಷಗಾನದ ಆಟ ನಡೆಯುತ್ತಿತ್ತು. ಈಗ ಕಾಲಮಿತಿ ಅಂತ ನಡುರಾತ್ರಿಯೊಳಗೆ ಮಂಗಳ ಹಾಡಿ ಮುಗಿಸಿಬಿಡುತ್ತಾರೆ, ಅದು ಬೇರೆ ಸಂಕಟ. ರಾತ್ರಿಯೆಲ್ಲ ಚಂಡೆ ಕೇಳಿ, ಬೆಳಿಗ್ಗೆ ಗದ್ದೆ ಬದುವಿನ ಮೇಲೆ ನಡೆದು ಬಂದು, ಸ್ನಾನ ಮಾಡಿ ಶಾಲೆಗೆ ಹೋಗುತ್ತಿದ್ದೆವು. ಮೇಷ್ಟ್ರ ಎದುರು ತೂಕಡಿಸಿ ಬೈಸಿಕೊಂಡಿದ್ದೂ ಇದೆ. ಯಾರೂ 'ಅಯ್ಯೋ, ನಿದ್ದೆ ಹೋಯ್ತು' ಅಂತ ಹೆದರಲಿಲ್ಲ. ಮರುದಿನ ರಾತ್ರಿ ಕೊರಡಿನ ಹಾಗೆ ಬಿದ್ದುಕೊಳ್ಳುತ್ತಿದ್ದೆವು. ಆ ಒತ್ತಡ ಸೇರುವ ಯಂತ್ರ ನಿಮ್ಮೊಳಗೂ ಸರಿಯಾಗೇ ಇದೆ. ಹಗಲು ಅದನ್ನು ಸೋರಿಸದಿದ್ದರೆ ಸಾಕು.

ಬೆಳಕಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಇದು ಬೇರೆ ಕಡೆಗಿಂತ ಭಿನ್ನ. ನಮ್ಮ ಜೀವಕೋಶಗಳ ಒಳಗೇ ಒಂದು ಗಡಿಯಾರ ಇದೆ. ಅದು ನಡೆಯುವ ಬಗೆಯನ್ನು ಬಿಡಿಸಿದ್ದಕ್ಕೆ 2017ರಲ್ಲಿ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್, ಮೈಕೆಲ್ ಯಂಗ್ ಅವರಿಗೆ ನೊಬೆಲ್ ಬಂತು. ಆ ಗಡಿಯಾರಕ್ಕೆ ದಿನಾ ಕೀಲಿ ಕೊಡುವುದು ಬೆಳಗಿನ ಬೆಳಕು. ಮನೆಯೊಳಗಿನ ದೀಪದ ಬೆಳಕು ಬಹಳ ಅಂದರೆ ಕೆಲವು ನೂರು ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ). ಹೊರಗೆ, ಮೋಡ ಕವಿದ ದಿನವೂ, ಅದು ಸಾವಿರಗಳ ಲೆಕ್ಕದಲ್ಲಿ ಇರುತ್ತದೆ. ಬಿಸಿಲಿದ್ದರಂತೂ ಕೇಳುವುದೇ ಬೇಡ. ಕಣ್ಣು ಹೊಂದಿಕೊಂಡುಬಿಡುವುದರಿಂದ ನಮಗೆ ಈ ವ್ಯತ್ಯಾಸ ತಿಳಿಯುವುದಿಲ್ಲ, ಗಡಿಯಾರಕ್ಕೆ ತಿಳಿಯುತ್ತದೆ.

ನಿಮ್ಮ ಕಡೆಯ ಮನೆಗಳು ಮೊದಲೇ ಕತ್ತಲು. ಸೂರು ಇಳಿದಿರುತ್ತದೆ, ಕಿಟಕಿ ಚಿಕ್ಕದು. ಮಳೆಗಾಲಕ್ಕೆ ಎರಚಲು ಬಾರದ ಹಾಗೆ ತಟ್ಟಿ ಕಟ್ಟಿದರೆ ಜಗಲಿಯಲ್ಲೂ ಹಗಲೇ ದೀಪ ಬೇಕು. ತೋಟಕ್ಕೆ ಹೋಗಿ ಬರುತ್ತೇನೆ ಅನ್ನುತ್ತೀರಿ, ಸರಿ. ಅಡಿಕೆ ಸೋಗೆಯ ಕೆಳಗೆ, ಅದರ ಕೆಳಗೆ ಬಾಳೆ, ಏಲಕ್ಕಿ, ನಡುವೆ ಕಾಳುಮೆಣಸಿನ ಬಳ್ಳಿ. ಅಲ್ಲಿ ನೆರಳೇ ಜಾಸ್ತಿ. ಆದ್ದರಿಂದ ಅಂಗಳಕ್ಕೆ ಬನ್ನಿ, ಆಕಾಶ ಕಾಣುವ ಜಾಗಕ್ಕೆ. ಐದೂವರೆಗೆ ಎದ್ದಾಗ ಇನ್ನೂ ಕತ್ತಲಿರುತ್ತದೆ, ಪರವಾಗಿಲ್ಲ. ಜನವರಿಯಲ್ಲಿ ಸೂರ್ಯ ಹುಟ್ಟುವುದೇ 7ರ ಹೊತ್ತಿಗೆ. ಬೆಳಕು ಹರಿದ ಮೇಲೆ ಅರ್ಧ ತಾಸು ಹೊರಗಿರಿ. ಅಂಗಳ ಗುಡಿಸಿ, ರಂಗೋಲಿ ಹಾಕಿ, ಹೂ ಕೊಯ್ಯಿರಿ. ಮಳೆಯಲ್ಲಿ ಕೊಡೆ ಹಿಡಿದು ನಿಂತರೂ ಆಯಿತು. ಹಸು ಇದ್ದಾಗ ಮನೆಗೂ ಕೊಟ್ಟಿಗೆಗೂ ಹುಲ್ಲಿನ ಬಣವೆಗೂ ಓಡಾಡುತ್ತಾ ಇದು ತಾನಾಗಿಯೇ ಆಗುತ್ತಿತ್ತು.

ಇದೇ ಉತ್ತರವನ್ನು ಕಾರವಾರದ ಬೈತಖೋಲಿನಲ್ಲೋ ತದಡಿಯಲ್ಲೋ ಮೀನಿನ ಬೋಟಿಗೆ ಹೋಗುವವರ ಎದುರು ಹೇಳಿದರೆ ನಕ್ಕಾರು. ಅವರು ಹೊರಡುವುದೇ ಕತ್ತಲಲ್ಲಿ. ಕೈಗಾದ ಅಣು ವಿದ್ಯುತ್ ಸ್ಥಾವರದಲ್ಲಿ ಪಾಳಿಯ ಕೆಲಸ ಮಾಡುವವರದೂ ಅದೇ ಕತೆ. ಅವರಿಗೆ ಹಗಲು ನಿದ್ದೆ ಬೇಕೇಬೇಕು, ಕೋಣೆ ಪೂರ್ತಿ ಕತ್ತಲಾಗಿರಬೇಕು, ಮನೆಯವರು ಮಿಕ್ಸಿ ಹಾಕಬಾರದು. ಜೂನ್, ಜುಲೈ ಎರಡು ತಿಂಗಳು ಟ್ರಾಲರ್ ಬೋಟುಗಳು ದಡಕ್ಕೆ ಬಂದಾಗ ಕೆಲವರು ನನ್ನ ಹತ್ತಿರ ಬಂದು 'ಈಗ ಕೆಲಸ ಇಲ್ಲ, ಆದರೂ ನಿದ್ದೆ ಇಲ್ಲ' ಅನ್ನುತ್ತಾರೆ. ನಿಮ್ಮ ಹಸುವಿನ ಕತೆಯೇ. ಅವರ ಬಗ್ಗೆ ಬೇರೆಯಾಗಿ ಬರೆಯಬೇಕು.

ಊಟ ತಿಂಡಿಯ ಬಗ್ಗೆ. ಮಧ್ಯಾಹ್ನ ಮಾವಿನ ಮಿಡಿಯ ಅಪ್ಪೆಹುಳಿ ಕುಡಿದರೆ ನಿದ್ದೆ ಬರುತ್ತದೆ ಅಂತ ನಿಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಮಿಡಿಯ ಮೇಲೆ ಅಪವಾದ ಹೊರಿಸುವ ಧೈರ್ಯ ನನಗಿಲ್ಲ, ನಾನೂ ಎರಡು ಲೋಟ ಕುಡಿಯುವವನೇ. ಆದರೆ ಮಧ್ಯಾಹ್ನ 1ರಿಂದ 3ರ ನಡುವೆ ಮೈಯ ಗಡಿಯಾರವೇ ಸ್ವಲ್ಪ ಜೋಲುತ್ತದೆ. ಹೊಟ್ಟೆ ತುಂಬ ಅನ್ನ ಅದಕ್ಕೆ ಸೇರುತ್ತದೆ. ಎರಡು ವಾರದ ವ್ರತ ಮುಗಿದ ಮೇಲೆ ಬೇಕಾದರೆ 20 ನಿಮಿಷ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿ. ಎರಡೂವರೆಯೊಳಗೆ ಮುಗಿಯಲಿ. ಚಾಪೆ ಹಾಸಿದರೆ ಅದು ಒಂದೂವರೆ ತಾಸು ಆಗಿಯೇ ಆಗುತ್ತದೆ.

ಚಹಾ ಎಷ್ಟು ಹೊತ್ತಿಗೆ ಕುಡಿಯುತ್ತೀರಿ ಅಂತ ನೀವು ಬರೆದಿಲ್ಲ. ಅಡೆನೋಸಿನ್ ಹೋಗಿ ಕೂರಬೇಕಾದ ಜಾಗದಲ್ಲಿ ಕೆಫೀನ್ ಕೂತುಬಿಡುತ್ತದೆ, ಅದಕ್ಕೇ ಎಚ್ಚರ. ಮೈಯಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು 5 ತಾಸು ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಸಂಜೆ 6ರ ಚಹಾದ ಅರ್ಧ ಪಾಲು ರಾತ್ರಿ 11ಕ್ಕೂ ಒಳಗೇ ಇರುತ್ತದೆ. ಮಧ್ಯಾಹ್ನ 2ರ ನಂತರ ಚಹಾ, ಕಾಫಿ ಬಿಡಿ. ಕಷಾಯ ಕುಡಿಯಿರಿ. ಕೊತ್ತಂಬರಿ, ಜೀರಿಗೆಯಲ್ಲಿ ಕೆಫೀನ್ ಇಲ್ಲ. ಅದೂ 8 ಗಂಟೆಯೊಳಗೆ, ಇಲ್ಲದಿದ್ದರೆ ರಾತ್ರಿ ಬಚ್ಚಲಿಗೆ ಓಡಾಟ. ಊಟ ಎಂಟೂವರೆಗೆ ಆಗಲಿ. ಉಂಡ ಕೂಡಲೇ ಮಲಗಿದರೆ ಹುಳಿ ತೇಗು ಬಂದು ಎಬ್ಬಿಸುತ್ತದೆ.

ಕವಳದ, ಅಂದರೆ ಎಲೆ ಅಡಿಕೆಯ, ಮಾತು ಹೇಗೆ ಎತ್ತಲಿ? ಅಡಿಕೆಯಿಂದಲೇ ಬದುಕುವ ಊರಿಗೆ ಬರೆಯುತ್ತಿದ್ದೇನೆ. ಊಟದ ಮೇಲೆ ಕವಳ ಹಾಕುವ ರೂಢಿ ನಿಮಗಿದ್ದರೆ ರಾತ್ರಿಯದನ್ನಾದರೂ ಬಿಡಿ. ಎಸಳು ಹೊಗೆಸೊಪ್ಪು ಸೇರಿದ್ದರೆ ಅದರ ನಿಕೋಟಿನ್ ಮಿದುಳನ್ನು ಎಬ್ಬಿಸುತ್ತದೆ. ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆಯೇ ಮೈ ಬಿಸಿ ಮಾಡಿ ಚುರುಕಾಗಿಸುವ ವಸ್ತು. ಹೊಸ ಅಡಿಕೆ ಸೊಕ್ಕಿದವರಿಗೆ ಇದನ್ನು ವಿವರಿಸಬೇಕಿಲ್ಲ. ಬಾಯಿ ಕ್ಯಾನ್ಸರಿನ ಮಾತು ಬೇರೆಯೇ ಇದೆ, ಇವತ್ತು ಬೇಡ.

ನಿಮ್ಮಲ್ಲಿ ಒಳ್ಳೆಯದೂ ಇದೆ, ಬಚ್ಚಲ ಹಂಡೆ. ಸಂಜೆ ಒಲೆ ಹಾಕಿ ಬಿಸಿನೀರು ಸ್ನಾನ ಮಾಡುವ ಪದ್ಧತಿ ನಿದ್ದೆಗೆ ತುಂಬ ಒಳ್ಳೆಯದು. ಮಲಗುವ ಒಂದೆರಡು ತಾಸು ಮೊದಲು ಮಾಡಿ. ಬಿಸಿನೀರು ಬಿದ್ದರೆ ರಕ್ತ ಚರ್ಮದ ಕಡೆ ಹರಿಯುತ್ತದೆ, ಆಮೇಲೆ ಒಳಗಿನ ಶಾಖ ಹೊರಗೆ ಹೋಗಿ ಮೈ ತಣ್ಣಗಾಗುತ್ತದೆ. ನಿದ್ದೆ ಬರಲು ಒಳಗಿನ ಶಾಖ ಸ್ವಲ್ಪ ಇಳಿಯಲೇಬೇಕು. ಕುಮಟಾ, ಅಂಕೋಲೆಯ ಸೆಖೆಯಲ್ಲಿ ಏಪ್ರಿಲ್ ತಿಂಗಳು ನಿದ್ದೆ ಬರದಿರುವುದು ಇದಕ್ಕೇ. ಬೆವರು ಆರದಿದ್ದರೆ ಶಾಖ ಇಳಿಯುವುದಾದರೂ ಹೇಗೆ? ಘಟ್ಟದ ಮೇಲಿನವರು ಪುಣ್ಯವಂತರು.

ಜಾಯಿಕಾಯಿ ಅರೆದು ಹಾಲಿಗೆ ಹಾಕಿ ಕುಡಿ ಅಂತ ಯಾರಾದರೂ ಹೇಳಿಯೇ ಇರುತ್ತಾರೆ. ಕಲ್ಲಿನ ಮೇಲೆ ಒಂದು ಸುತ್ತು ತೇಯ್ದಷ್ಟು ತಗೊಂಡರೆ ತೊಂದರೆ ಇಲ್ಲ. ಅದರಿಂದಲೇ ನಿದ್ದೆ ಸರಿಹೋಗುತ್ತದೆ ಅಂತ ನಾನು ಹೇಳಲಾರೆ. ಆದರೆ ತೋಟದಲ್ಲೇ ಬೆಳೆಯುತ್ತದಲ್ಲ ಅಂತ ಅರ್ಧ ಕಾಯಿ, ಇಡೀ ಕಾಯಿ ಅರೆದು ಕುಡಿದರೆ ಅದು ವಿಷ. ಎದೆ ಬಡಿತ ಏರಿ ಭ್ರಮೆ ಹಿಡಿಯುತ್ತದೆ.

ಈಗ ಪಕ್ಕದ ಮನೆಯ ಮಾತ್ರೆ. ಬೇಡ. ನಮ್ಮಲ್ಲಿ ಒಬ್ಬರಿಂದ ಒಬ್ಬರಿಗೆ ಕೈ ಬದಲಾಗುವ ನಿದ್ದೆ ಮಾತ್ರೆ ಹೆಚ್ಚಾಗಿ ಆಲ್ಪ್ರಜೋಲಾಂ ಅಥವಾ ಅದರ ಜಾತಿಯದು. ಎರಡು ರಾತ್ರಿ ನಿದ್ದೆ ಬರುತ್ತದೆ, ಸುಳ್ಳಲ್ಲ. ಕೆಲವು ವಾರಗಳಲ್ಲಿ ಮೈ ಅದಕ್ಕೆ ಒಗ್ಗುತ್ತದೆ, ಅರ್ಧ ಹೋಗಿ ಒಂದಾಗುತ್ತದೆ. ಬಿಟ್ಟ ರಾತ್ರಿ ಮೊದಲಿಗಿಂತ ಕೆಟ್ಟದಾಗಿ ಎಚ್ಚರವಾಗುತ್ತದೆ. ಆಗ 'ಮಾತ್ರೆ ಇಲ್ಲದೆ ನನಗಾಗದು' ಅನ್ನುವ ನಂಬಿಕೆ ಗಟ್ಟಿಯಾಗುತ್ತದೆ. ರಾತ್ರಿ ಎದ್ದಾಗ ಜೋಲಿ ತಪ್ಪಿ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡವರನ್ನು ನಾನು ನೋಡಿದ್ದೇನೆ. 2016ರಲ್ಲಿ ಅಮೆರಿಕದ ವೈದ್ಯರ ಸಂಘ 'ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್' ಕೂಡ ಹೇಳಿದ್ದು, ಹಳೆಯ ನಿದ್ದೆಗೇಡಿಗೆ ಮೊದಲು ಅಭ್ಯಾಸ ಬದಲಿಸುವ ಚಿಕಿತ್ಸೆ ಕೊಡಿ, ಮಾತ್ರೆ ಆಮೇಲೆ ಅಂತ. ನೀವು ಎರಡೇ ದಿನ ತಗೊಂಡದ್ದರಿಂದ ಸುಮ್ಮನೆ ಬಿಡಬಹುದು. ಆದರೆ ನಿಮ್ಮ ಪಕ್ಕದ ಮನೆಯವರು ತಿಂಗಳುಗಟ್ಟಲೆ ತಗೊಳ್ಳುತ್ತಿದ್ದರೆ ಇದನ್ನು ಓದಿ ಒಮ್ಮೆಗೇ ನಿಲ್ಲಿಸಬಾರದು. ಡಾಕ್ಟರ್ ಹೇಳಿದ ಹಾಗೆ ಮೆಲ್ಲಗೆ ಇಳಿಸಬೇಕು.

ನಿಮ್ಮದೇ ಡಾಕ್ಟರ ಹತ್ತಿರ ಹೋದಾಗ ಕೆಲವು ಮಾತು ಕೇಳಿ. ಬಿಪಿ ಮಾತ್ರೆಗಳಲ್ಲಿ ಮೂತ್ರ ಜಾಸ್ತಿ ಮಾಡುವಂಥವೂ ಇವೆ. ನಿಮ್ಮದು ಅಂಥದ್ದಾದರೆ ಬೆಳಿಗ್ಗೆ ತಗೊಳ್ಳಬಹುದಾ ಅಂತ ಕೇಳಿ, ನೀವಾಗಿ ಬದಲಿಸಬೇಡಿ. ನಿಮ್ಮ ವಯಸ್ಸಿಗೆ ಮುಟ್ಟು ನಿಂತಿರಬಹುದು ಅಥವಾ ನಿಲ್ಲುತ್ತಿರಬಹುದು. ರಾತ್ರಿ ಇದ್ದಕ್ಕಿದ್ದಂತೆ ಮೈ ಕಾದು, ಕುತ್ತಿಗೆ ಬೆವೆತು ಎಚ್ಚರವಾಗುತ್ತಿದ್ದರೆ ಹೇಳಿ, ಅದಕ್ಕೆ ಬೇರೆ ಚಿಕಿತ್ಸೆ ಇದೆ. ಮಲಗಿದಾಗ ಕಾಲಿನೊಳಗೆ ಏನೋ ಹರಿದಾಡಿದಂತಾಗಿ ಅಲ್ಲಾಡಿಸದೆ ಇರಲಾಗದಿದ್ದರೆ ಕಬ್ಬಿಣದಂಶ ಪರೀಕ್ಷೆ ಮಾಡಿಸಿ. ಇನ್ನೊಂದು. ಮೂರು ವರ್ಷ ಕೈಯಾರೆ ನೋಡಿಕೊಂಡವರು ಹೋಗಿದ್ದಾರೆ, ಮನೆ ಖಾಲಿಯಾಗಿದೆ. 2 ಗಂಟೆಗೆ ಅವರ ನೆನಪಾಗಿ ಕಣ್ಣಲ್ಲಿ ನೀರು ಬಂದರೆ ಅದು ರೋಗ ಅಲ್ಲ. ಆದರೆ ಹಗಲಲ್ಲೂ ಯಾವುದರಲ್ಲೂ ಮನಸ್ಸಿಲ್ಲ, ಊಟ ಸೇರುವುದಿಲ್ಲ, ಬದುಕಿ ಏನು ಅನ್ನಿಸುತ್ತದೆ ಅನ್ನುವುದು ಎರಡು ವಾರ ದಾಟಿದರೆ ನಿದ್ದೆಯನ್ನು ಬದಿಗಿಟ್ಟು ಮೊದಲು ಅದನ್ನು ಹೇಳಿ.

ಯಜಮಾನರ ಗೊರಕೆಯನ್ನು ನೀವು ಕೊನೆಗೆ ಒಂದು ಸಾಲಿನಲ್ಲಿ ಬರೆದಿದ್ದೀರಿ. ನಿಜ ಹೇಳಬೇಕೆಂದರೆ ನಿಮ್ಮಿಬ್ಬರಲ್ಲಿ ಮೊದಲು ಡಾಕ್ಟರನ್ನು ಕಾಣಬೇಕಾದವರು ಅವರು. ಜೋರು ಗೊರಕೆ, ನಡುವೆ ಉಸಿರು ನಿಂತು ಆಮೇಲೆ ಏದುಸಿರಿನಲ್ಲಿ ಎಳೆದುಕೊಳ್ಳುವುದು, ಹಗಲು ಪೇಪರ್ ಓದುತ್ತಾ ಓದುತ್ತಾ ತೂಕಡಿಕೆ. ಇವಿಷ್ಟೂ ಇದ್ದರೆ ಅದು ಸ್ಲೀಪ್ ಅಪ್ನಿಯಾ ಇರಬಹುದು. ಗಂಟಲ ದಾರಿ ನಿದ್ದೆಯಲ್ಲಿ ಮುಚ್ಚಿಕೊಳ್ಳುತ್ತದೆ. ಬಿಪಿಗೂ ಹೃದಯಕ್ಕೂ ಅದರಿಂದ ಹೊಡೆತ. ರಾತ್ರಿ ನಿದ್ದೆಯ ಪರೀಕ್ಷೆ ಅಂತ ಇದೆ, ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಮಾಡಿಸಬಹುದು. 'ನನಗೇನೂ ಆಗಿಲ್ಲ, ಅಪ್ಪಯ್ಯನೂ ಹೀಗೇ ಗೊರಕೆ ಹೊಡೆಯುತ್ತಿದ್ದ' ಅನ್ನುತ್ತಾರೆ. ಒಂದು ರಾತ್ರಿ ಅವರ ಗೊರಕೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಬೆಳಿಗ್ಗೆ ಚಹಾದ ಜೊತೆ ಕೇಳಿಸಿ. ಅಲ್ಲಿಯವರೆಗೆ, ಮನೆಯಲ್ಲಿ ಕೋಣೆ ಇದ್ದರೆ ಈ ಎರಡು ವಾರ ನೀವು ಬೇರೆ ಕೋಣೆಯಲ್ಲಿ ಮಲಗಿ. ಅತ್ತೆಯವರು ಮಲಗುತ್ತಿದ್ದ ಕೋಣೆ ಮಾತ್ರ ಬೇಡ.

ಕೊನೆಯದಾಗಿ ಒಂದು ಕೆಲಸ. ಹಾಲಿನ ಲೆಕ್ಕ ಬರೆಯುತ್ತಿದ್ದ ಕ್ಯಾಲೆಂಡರ್ ಅಡುಗೆಮನೆ ಬಾಗಿಲ ಹಿಂದೆ ಇರುತ್ತಿತ್ತಲ್ಲ, ಬೆಳಿಗ್ಗೆ ಇಷ್ಟು ಲೀಟರ್, ಸಂಜೆ ಇಷ್ಟು ಅಂತ. ಅಂಥದ್ದೇ ಒಂದನ್ನು ಮತ್ತೆ ಅಲ್ಲೇ ನೇತುಹಾಕಿ, ಪಕ್ಕದಲ್ಲಿ ಪೆನ್ಸಿಲ್ ಕಟ್ಟಿ. ದಿನಾ ಬೆಳಿಗ್ಗೆ ತಾರೀಕಿನ ಮನೆಯಲ್ಲಿ ಎರಡೇ ಅಂಕಿ ಬರೆಯಿರಿ. ಮೇಲೆ, ಹಾಸಿಗೆಯಲ್ಲಿ ಇದ್ದದ್ದು ಎಷ್ಟು ತಾಸು. ಕೆಳಗೆ, ನಿದ್ದೆ ಬಂದದ್ದು ಅಂದಾಜು ಎಷ್ಟು. ಮಧ್ಯಾಹ್ನ ಕದ್ದು ಮಲಗಿದ್ದರೆ ಒಂದು ಚುಕ್ಕೆ. ಎರಡು ವಾರ ಆದ ಮೇಲೆ ಆ ಪುಟದ ಫೋಟೋ ತೆಗೆದು ಕಳಿಸಿ. ಮಲಗುವ ಹೊತ್ತನ್ನು ಹನ್ನೊಂದೂಕಾಲಿಗೆ ತರಬಹುದಾ, ಇನ್ನೊಂದು ವಾರ ಕಾಯಬೇಕಾ ಅಂತ ಅದನ್ನು ನೋಡಿ ಹೇಳುತ್ತೇನೆ.